ಎಣ್ಣೆ ಕುಡಿದ ಪೆಟ್ಟಿಗೆ

ನನ್ನ ಬಾಯಿ ಸರಿಯಿಲ್ಲ ಎಂದು ನನ್ನ ಹೆಂಡತಿ ಲಕ್ಷ್ಮವ್ವ ಹೇಳುತ್ತಾಳೆ, ಸೈಟಿನ ಮುಕಾದಮ ಹೇಳುತ್ತಾನೆ, ಆಂಟಾಪ್ ಹಿಲ್ಲಿನ ನಮ್ಮ ಚಾಳಿನ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರೆಲ್ಲ ಹೇಳುತ್ತಾರೆ. ಹೇಳಲಿ. ಇಂಡಿ ತಾಲೂಕಿನಿಂದ ಬಂದು ಮೂವತ್ತನಾಲ್ಕು ವರ್ಷ ಮುಂಬಯಿಯಲ್ಲಿ ಸೆಂಟ್ರಿಂಗ್ ಬಡಿಗನಾಗಿ ದುಡಿದಿದ್ದೇನೆ. ಇಪ್ಪತ್ತನೇ ಮಹಡಿಯ ಅಂಚಿನಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದರೆ ಮಾತ್ರ ಕೆಳಗಿನವನಿಗೆ ಕೇಳಿಸುತ್ತದೆ. ಅಲ್ಲಿ ಮೆಲ್ಲಗೆ ಮಾತಾಡಿದರೆ ಯಾರದೋ ಕಾಲ ಮೇಲೆ ಕಬ್ಬಿಣ ಬಿದ್ದಿರುತ್ತದೆ.

ಸೆಂಟ್ರಿಂಗ್ ಅಂದರೆ ಏನೆಂದು ಘಾಟ್ಕೋಪರಿನ ನನ್ನ ಬೀಗ ನೀಲಕಂಠಪ್ಪನಿಗೆ ಹತ್ತು ಸಲ ಹೇಳಿದ್ದೇನೆ. ಸ್ಲ್ಯಾಬು, ಕಂಬ, ತೊಲೆ ಏನೇ ಇರಲಿ, ಕಾಂಕ್ರೀಟು ಸುರಿಯುವ ಮೊದಲು ಅದಕ್ಕೊಂದು ಪ್ಲೈವುಡ್ಡಿನ ಪೆಟ್ಟಿಗೆ ಬೇಕು. ಅದನ್ನು ಕಟ್ಟುವವರು ನಾವು. ಅಳತೆಗೆ ಕೊಯ್ಯಬೇಕು, ಸಂದಿಲ್ಲದಂತೆ ಬಿಗಿಯಬೇಕು, ಒಳಮೈಗೆ ಎಣ್ಣೆ ಕುಡಿಸಬೇಕು. ಕಾಂಕ್ರೀಟು ಗಟ್ಟಿಯಾದ ಮೇಲೆ ಪೆಟ್ಟಿಗೆ ಬಿಚ್ಚಿ ಮುಂದಿನ ಮಹಡಿಗೆ ಒಯ್ಯಬೇಕು. ಇಷ್ಟೆಲ್ಲ ಕೇಳಿ ಆತ ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದ: “ಅಂದ್ರ ನೀವು ಕಟ್ಟಿದ್ದು ಯಾವದೂ ಉಳಿಯೂದಿಲ್ಲ, ಹೌದಲ್ಲರಿ?”

ಆತ ಬೆಳಗಾವಿಯವನು. ವಿಮೆ ಕಂಪನಿಯಲ್ಲಿ ಆಫೀಸರನಾಗಿ ನಿವೃತ್ತನಾಗಿ, ಸೊಸೈಟಿಯೊಂದರ ಏಳನೇ ಮಹಡಿಯ ಫ್ಲ್ಯಾಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತವನು. ಅವನ ಮಗ ಅಮಿತನೂ ನನ್ನ ಒಬ್ಬಳೇ ಮಗಳು ದಾನೇಶ್ವರಿಯೂ ಕಾಲೇಜಿನಲ್ಲಿ ಕೂಡಿ ಓದಿ, ತಾವೇ ಒಪ್ಪಿ ಮದುವೆಯಾದರು. ಹುಡುಗ ಕೆಟ್ಟವನೆಂದು ನಾನು ಹೇಳುವುದಿಲ್ಲ. ಅಪ್ಪನ ಮುಂದೆ ಅವನ ಬಾಯಿ ಏಳುವುದಿಲ್ಲ, ಅಷ್ಟೇ. ಮದುವೆಯಾಗಿ ಎರಡು ವರ್ಷ ಕಳೆದರೂ ಬೀಗ ನಮ್ಮ ಒಂಟಿ ಕೋಣೆಯ ಖೋಲಿಯ ಹೊಸ್ತಿಲು ತುಳಿದಿರಲಿಲ್ಲ. ನಾವು ಅವನ ಮನೆಗೆ ಹೋದರೆ ಅವನಿಗೆ ಪಿಂಗಾಣಿಯ ಕಪ್ಪು-ಬಸಿಯಲ್ಲಿ ಚಹಾ, ನನಗೆ ಸ್ಟೀಲಿನ ಲೋಟದಲ್ಲಿ. ಅವನ ಹೆಂಡತಿ ಚನ್ನವ್ವ ಮಾತ್ರ ಬೇರೆ. ಒಂದು ದಿನ ಗಂಡನ ಕಣ್ಣೆದುರಿಗೇ ಆ ಲೋಟ ಎತ್ತಿಕೊಂಡು ಒಳಗೆ ಹೋಗಿ, ನನಗೂ ಕಪ್ಪು ಬಸಿ ತಂದಿಟ್ಟು, “ಕುಡೀರಿ ಅಣ್ಣಾರ” ಅಂದಿದ್ದಳು. ಅದನ್ನು ನಾನು ಮರೆತಿಲ್ಲ. ಮುಂದೆ ಆದದ್ದನ್ನು ನೆನೆದರೆ ಮರೆತಿದ್ದರೇ ಚೆನ್ನಾಗಿತ್ತು.

ಮಗಳು ದಾನಿಗೆ ಬಸುರಿನ ಏಳನೇ ತಿಂಗಳಲ್ಲಿ ಕುಬಸದ ಸೀಮಂತ ಮಾಡಿದರು. ಹಸಿರು ಸೀರೆ, ಹಸಿರು ಬಳೆ, ಐದು ಬಗೆಯ ಬುತ್ತಿ ಹೊತ್ತು ನಾವು ಗಂಡ ಹೆಂಡತಿ ಘಾಟ್ಕೋಪರಿಗೆ ಹೋದೆವು. ಕುಬಸ ಮುಗಿಸಿ ಮಗಳನ್ನು ತವರಿಗೆ ಕರೆತರುವುದು, ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲೇ ಮಾಡುವುದು ನಮ್ಮ ಕಡೆಯ ಪದ್ಧತಿ. ಲಕ್ಷ್ಮವ್ವ ಖೋಲಿಗೆ ಸುಣ್ಣ ಹೊಡೆಸಿದ್ದಳು. ತೊಟ್ಟಿಲು ಕಟ್ಟಲು ಸೂರಿಗೆ ಹೊಸ ಕೊಕ್ಕೆ ಹಾಕು ಎಂದು ನನ್ನ ಜೀವ ತಿಂದಿದ್ದಳು. ನಾನು ಹಾಕಿದ್ದೆ. ನನ್ನ ಪೂರಾ ಭಾರ ಹಾಕಿ ಜೋತುಬಿದ್ದು ಪರೀಕ್ಷೆಯನ್ನೂ ಮಾಡಿದ್ದೆ.

ಆರತಿ ಮುಗಿದು ಹೆಂಗಸರು ಎಲೆಯಡಿಕೆ ಹಾಕಿಕೊಳ್ಳುತ್ತಿರುವಾಗ ಬೀಗ ಎಲ್ಲರಿಗೂ ಕೇಳುವಂತೆ ಅಂದ, “ಹೆರಿಗಿ ಇಲ್ಲೇ ಆಗ್ತದ. ನಿಮ್ಮ ಖೋಲಿಗೆ ಕಳಸೂದಿಲ್ಲ. ಅಲ್ಲೆ ಸಂಡಾಸಕ್ಕ ಪಾಳಿ ಹಚ್ಚಬೇಕು. ನನ್ನ ಮೊಮ್ಮಗ ಅಂಥಾ ಜಾಗಾದಾಗ ಕಣ್ಣ ತೆಗೀಬೇಕೇನು?”

“ಚೊಚ್ಚಲ ಬಾಣಂತನ ತಾಯಿ ಕೈಯಾಗ ಆಗಬೇಕ್ರಿ,” ಅಂದಳು ಚನ್ನವ್ವ. ಬೀಗ ಅವಳ ಕಡೆ ಒಮ್ಮೆ ನೋಡಿದ. ಅವಳು ತಾಟು ತೆಗೆದುಕೊಂಡು ಒಳಗೆ ಹೋದಳು. ಅಮಿತ ಮೊಬೈಲು ನೋಡುತ್ತ ಕೂತಿದ್ದ. ನನ್ನ ಮಗಳು ಹಸಿರು ಬಳೆಯ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿದಳು. ಹೆಣ್ಣು ಕೊಟ್ಟವನು ತಗ್ಗಿ ನಡೆಯಬೇಕಂತೆ. ಎಷ್ಟು ತಗ್ಗಬೇಕು? ನೆಲಕ್ಕೆ ಹತ್ತುವವರೆಗೇ?

ಆ ಹಾಲಿನ ಮೂಲೆಯಲ್ಲಿ ಒಂದು ಗಾಜಿನ ಟ್ಯಾಂಕು, ಅದರಲ್ಲಿ ಒಂದು ಮೀನು. ವಾಸ್ತುವಿನವನು ಹೇಳಿದನೆಂದು ಬೀಗ ಸಾಕಿದ ಬೆಳ್ಳಿ ಬಣ್ಣದ ಮೀನು. ತಂದಾಗ ಗೇಣುದ್ದ ಇದ್ದದ್ದು ಈಗ ನನ್ನ ಮೊಳದುದ್ದ ಬೆಳೆದು, ತಿರುಗಲು ಜಾಗವಿಲ್ಲದೆ ಗಾಜಿಗೆ ಮೂತಿ ಒತ್ತಿಕೊಂಡು ನಿಂತಿರುತ್ತಿತ್ತು. ಏಳು ಅಡಿಯ ಟ್ಯಾಂಕು ಬೇಕು, ಆದರೆ ಅಷ್ಟು ದೊಡ್ಡದು ಲಿಫ್ಟಿನಲ್ಲಿ ಹಿಡಿಯುವುದಿಲ್ಲ, ಮನೆಯೊಳಗೇ ಕಟ್ಟಬೇಕು. ಮೂರು ಕಡೆ ಪ್ಲೈವುಡ್, ಮುಂದೆ ಮಾತ್ರ ಗಾಜು ಹಾಕಿ ಕಟ್ಟುವವರಿದ್ದಾರೆ, ವಿಡಿಯೋ ನೋಡಿದ್ದೇನೆ ಎಂದು ಅಮಿತ ಯಾರಿಗೋ ಹೇಳತೊಡಗಿದ. ಹೆಂಡತಿಯ ತವರಿನ ಮಾತು ಬಂದಾಗ ಸುಮ್ಮನಿದ್ದವನಿಗೆ ಮೀನಿನ ಮಾತಿಗೆ ನಾಲಿಗೆ ಬಂದಿತ್ತು.

“ಪ್ಲೈವುಡ್ ಪೆಟಗಿ ಏನು? ನಾ ಕಟ್ತೀನಿ,” ಅಂದೆ.

ಬೀಗ ನಕ್ಕ. “ನೀವು ಕಟ್ಟಿದ್ದು ಹದಿನೈದು ದಿನಕ್ಕ ಬಿಚ್ಚಬೇಕಾಗ್ತದಲ್ರೀ ಬೀಗರ!” ಕೂತ ಹೆಂಗಸರೂ ನಕ್ಕರು.

“ಹಸಿ ಕಾಂಕ್ರೀಟು ತಡದ ಪೆಟಗಿ ಕಟ್ಟೀನಿ ನಾ. ನೀರು ಯಾವ ಲೆಕ್ಕ? ನೀರು ತುಂಬಿ ಎಂಟು ದಿವಸ ನಿಂದರಸ್ತೀನಿ. ಒಂದ ಹನಿ ನೆಲಕ್ಕ ಬೀಳಲಿಲ್ಲಂದ್ರ ನನ್ನ ಮಗಳನ್ನ ನನ್ನ ಜೋಡಿ ತವರಿಗಿ ಕಳಸಬೇಕು.”

“ಬಿತ್ತಂದ್ರ?”

“ಬಿತ್ತಂದ್ರ ಮತ್ತ ಆ ಮಾತು ಎತ್ತಂಗಿಲ್ಲ. ನೀವು ಕರದಾಗ ಬಂದು, ಕೂಸಿನ ಮಾರಿ ನೋಡಿ, ಬಾಯಿ ಮುಚಗೊಂಡು ಹೋಗ್ತೀನಿ.”

“ಎಲ್ಲಾರೂ ಕೇಳ್ರೆಪಾ,” ಅಂದ ಬೀಗ. ಹೀಗೆ ಮಾತು ಆಯಿತು. ಮನೆಗೆ ಬರುವಾಗ ಕುರ್ಲಾದಲ್ಲಿ ಗಾಡಿ ಬದಲಿಸಿ ಹಾರ್ಬರ್ ಲೈನಿಗೆ ಹತ್ತುವವರೆಗೂ ಲಕ್ಷ್ಮವ್ವ ಬಾಯಿ ಬಿಡಲಿಲ್ಲ. ಹತ್ತಿದ ಮೇಲೆ ಮುಚ್ಚಲಿಲ್ಲ. “ಮಗಳೇನು ಟಗರೇನ್ರಿ, ಪಣಕ್ಕ ಇಡಾಕ? ನಿಮ್ಮ ನಾಲಿಗಿಗೆ ಒಂದು ಕೊಕ್ಕಿ ಹಾಕಬೇಕಿತ್ತು, ಸೂರಿಗಲ್ಲ,” ಅಂದಳು.

ಸೈಟಿಗೆ ರಜೆ ಹಾಕಿ ಮರುವಾರವೇ ಕೆಲಸಕ್ಕೆ ಇಳಿದೆ. ಮುಕ್ಕಾಲು ಇಂಚು ದಪ್ಪದ ವಾಟರ್‌ಪ್ರೂಫ್ ಪ್ಲೈ. ಏಳು ಅಡಿ ಉದ್ದ, ಎರಡೂವರೆ ಅಡಿ ಅಗಲ, ಅಷ್ಟೇ ಎತ್ತರ. ಕೆಳಗೆ ಕಬ್ಬಿಣದ ಸ್ಟ್ಯಾಂಡು. ಸೊಸೈಟಿಯ ವಾಚ್‌ಮನ್ ಕೇಳಿದರೆ ಶೋಕೇಸು ಎಂದು ಹೇಳಿರಿ ಎಂದು ಬೀಗನೇ ಹೇಳಿಕೊಟ್ಟ. ಆಫೀಸರ್ ಮನುಷ್ಯ, ಸುಳ್ಳೂ ಚೊಕ್ಕವಾಗಿರುತ್ತದೆ. ಸಾವಿರ ಲೀಟರಿಗೂ ಮೇಲೆ ನೀರು ಹಿಡಿಯುವ ಭಾರ ಎಲ್ಲೆಂದರಲ್ಲಿ ಇಡುವಂತಿಲ್ಲ. ಗೋಡೆ ತಟ್ಟಿ, ಕೆಳಗಿನ ಮನೆಯವರ ಸೂರು ನೋಡಿ ಬಂದು, ತೊಲೆ ಎಲ್ಲಿ ಹಾಯ್ದಿದೆಯೋ ಅದರ ಮೇಲೆಯೇ ಸ್ಟ್ಯಾಂಡು ಕೂರಿಸಿದೆ. ಇದನ್ನು ಯಾವ ವಿಡಿಯೋದವನೂ ಹೇಳಿರಲಿಲ್ಲ.

ಬೀಗ ದಿನವೂ ಕುರ್ಚಿ ಎಳೆದುಕೊಂಡು ಎದುರಿಗೇ ಕೂರುತ್ತಿದ್ದ. ಪೇಪರ್ ಓದುವ ಹಾಗೆ ಮಾಡಿ ನನ್ನ ಕೈ ನೋಡುತ್ತಿದ್ದ. ಗರಗಸ ಹಾಕಿದರೆ ಧೂಳು ಅನ್ನುವನು, ಸ್ಕ್ರೂ ಬಿಗಿದರೆ ಸಪ್ಪಳ ಅನ್ನುವನು. ನಾನು ಇನ್ನಷ್ಟು ಜೋರಾಗಿ ಗರಗಸ ಎಳೆದೆ. ಚನ್ನವ್ವ ಎರಡು ತಾಸಿಗೊಮ್ಮೆ ಚಹಾ ತರುತ್ತಿದ್ದಳು, ಕಪ್ಪು ಬಸಿಯಲ್ಲೇ. ದಾನಿ ಬಾಗಿಲಿಗೆ ಒರಗಿ ನಿಂತು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಳು. ಒಮ್ಮೆ ಮೆಲ್ಲಗೆ ಕೇಳಿದಳು, “ಯಪ್ಪಾ, ನಿಂದರತೈತಿ?” ನಾನು ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಕುಣಿದು ತೋರಿಸಿದೆ. ಅವಳು ನಕ್ಕಳು. ಆ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಮೂಲೆಗಳು ಕೂದಲು ತೂರದಷ್ಟು ಕೂಡಿದ್ದವು. ಇನ್ನು ಒಳಗೆ ಎಪಾಕ್ಸಿ ಬಣ್ಣ ಬಳಿಯಬೇಕು. ನೀರು ತಡೆಯುವುದು ಅದೇ. ಗಟ್ಟಿಯಾಗಿ ಗಾಜಿನಂಥ ಪದರವಾಗುತ್ತದೆ. ಅದಕ್ಕೂ ಮುಂಚೆ ನಾನು ಸೈಟಿನಿಂದ ತಂದ ಎಣ್ಣೆಯ ಡಬ್ಬಿ ಬಿಚ್ಚಿದೆ. ಮೂವತ್ತನಾಲ್ಕು ವರ್ಷದಲ್ಲಿ ಎಣ್ಣೆ ಕುಡಿಸದೆ ಯಾವ ಪೆಟ್ಟಿಗೆಯನ್ನೂ ನಾನು ಪೂರ್ತಿಯಾಯಿತು ಅಂದಿಲ್ಲ. ಎಣ್ಣೆ ಕುಡಿದ ಪ್ಲೈ ನೀರು ಕುಡಿಯುವುದಿಲ್ಲ. ಇದು ನನ್ನ ಗುರು ಹೇಳಿಕೊಟ್ಟ ಮಾತು. ಎರಡು ಹಗಲು, ಮೂರು ಸುತ್ತು ಬಳಿದೆ. ಪ್ಲೈ ಕರ್ರಗಾಯಿತು. “ನಮ್ಮ ಮನಿ ಗ್ಯಾರೇಜ್ ಆತು,” ಎಂದು ಬೀಗ ಮೂಗಿಗೆ ಕರವಸ್ತ್ರ ಹಿಡಿದುಕೊಂಡು ಒಳಗೆ ಹೋದ. ಒಂದು ದಿನವಾದರೂ ಕುರ್ಚಿ ಖಾಲಿಯಾಯಿತಲ್ಲ ಎಂದು ನನಗೆ ಖುಷಿಯೇ ಆಯಿತು.

ಸಂಜೆ ಅಮಿತ ಆಫೀಸಿನಿಂದ ಬಂದವನು ಪೆಟ್ಟಿಗೆಯೊಳಗೆ ಬೆರಳಾಡಿಸಿ ಮುಖ ಹುಳ್ಳಗೆ ಮಾಡಿದ.

“ಮಾಮಾ, ಇದು ತೇಲ್ ಯಾಕ ಹಚ್ಚೀರಿ? ವಿಡಿಯೋದಾಗ ಕಟ್ಟಿಗಿ ಪೂರಾ ಸುಖಾ, ಒಣಾ ಇರಬೇಕು ಅಂತ ಹೇಳ್ಯಾರ. ಎಪಾಕ್ಸಿ ಚಿಪಕಬೇಕಲ್ಲಾ. ಎಣ್ಣಿ ಮ್ಯಾಲ ಹೆಂಗ ಹಿಡೀತದ?”

“ಅಳಿಯಂದ್ರ, ನೀವು ಇಲ್ಲೀತನಕ ಎಷ್ಟು ಸ್ಲ್ಯಾಬ್ ನಿಂದರಿಸೀರಿ?”

“ಅಲ್ಲ ಮಾಮಾ, ಸೀರಿಯಸ್ಲಿ…”

“ಎಷ್ಟು?”

ಅವನು ಬೆರಳಿನ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ.

“ನಾ ನಿಂದರಸಿದ ಬಿಲ್ಡಿಂಗಿನ್ಯಾಗ ನಿಮ್ಮಂಥಾ ಸಾವಿರ ಮಂದಿ ಎ.ಸಿ. ಹಚಗೊಂಡು ಮಲಗ್ಯಾರ. ಫೋನಿನ್ಯಾಗ ಬಡಿಗತನ ಕಲತವರು ನನಗ ಕಲಸಾಕ ಬರಬ್ಯಾಡ್ರಿ.”

ಹುಡುಗ ಆದರೂ ಬಿಡಲಿಲ್ಲ. ಥಿನ್ನರಿನಿಂದಾದರೂ ಒರೆಸಿರಿ, ಹದಿನೈದು ದಿನ ಒಣಗಲು ಬಿಡಿರಿ, ಆಮೇಲೆ ಬಳಿಯೋಣ ಎಂದ. ಹದಿನೈದು ದಿನ! ಅಷ್ಟರಲ್ಲಿ ಎಂಟನೇ ತಿಂಗಳು ಮುಗಿಯುತ್ತಿತ್ತು. ಒಳಗಿನಿಂದ ಬೀಗನ ಕೆಮ್ಮು ಕೇಳಿಸುತ್ತಿತ್ತು, ಅವನು ಕಿವಿಗೊಟ್ಟು ನಿಂತಿದ್ದಾನೆಂದು ನನಗೆ ಗೊತ್ತಿತ್ತು. ಅವನೆದುರಿಗೆ ನಾನು ತಪ್ಪು ಒಪ್ಪಬೇಕೇ? ಮರುದಿನ ಅಮಿತನ ಸಮಾಧಾನಕ್ಕೆ ಥಿನ್ನರಿನ ಬಟ್ಟೆ ಒಮ್ಮೆ ಆಡಿಸಿ, ಅದರ ಮೇಲೆ ಎಪಾಕ್ಸಿ ಎಳೆದೆ. ಮೂರು ಸುತ್ತು. ಬಿಳೀ ಬಣ್ಣ ಕನ್ನಡಿಯಂತೆ ಹೊಳೆಯಿತು. ಬೈಕುಲ್ಲಾದಿಂದ ಬಂದ ದಪ್ಪ ಗಾಜನ್ನು ನಾಲ್ಕು ಜನ ಏಳು ಮಹಡಿ ಮೆಟ್ಟಿಲ ಮೇಲೆ ಹೊತ್ತು ತಂದರು. ಸಿಲಿಕೋನ್ ಅಂಟು ಹಚ್ಚಿ ಒಳಗಿನಿಂದ ಕೂರಿಸಿದೆ. ವಾರ ಬಿಟ್ಟು, ಪೈಪು ಹಾಕಿ ನೀರು ಬಿಟ್ಟೆವು.

ಒಂದು ಹನಿ ಬೀಳಲಿಲ್ಲ.

ಮೀನು ಹೊಸ ನೀರಿಗೆ ಇಳಿದು, ಮೊದಲು ಹೆದರಿ ಮೂಲೆ ಹಿಡಿದು, ಆಮೇಲೆ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿ ಬಂತು. ಅದು ಸಲೀಸಾಗಿ ತಿರುಗಿದ್ದನ್ನು ಕಂಡು ಚನ್ನವ್ವ ಚಪ್ಪಾಳೆ ತಟ್ಟಿದಳು. ಬೀಗ ತನ್ನ ಪೇಪರ್ ಬಿಡಿಸಿ ಟ್ಯಾಂಕಿನ ಕೆಳಗೆ ಉದ್ದಕ್ಕೂ ಹಾಸಿದ. ಪ್ರತಿ ಮುಂಜಾನೆ ಒಂದೊಂದೇ ಹಾಳೆ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಹನಿ ಬಿದ್ದ ಕಲೆ ಇದೆಯೇ ಎಂದು ಹುಡುಕುತ್ತಿದ್ದನಂತೆ. ಮೊದಲ ದಿನ ಇಲ್ಲ. ಎರಡನೇ ದಿನ ಇಲ್ಲ. ಮೂರನೇ ದಿನವೂ ಇಲ್ಲ. ದಾನಿ ಫೋನ್ ಮಾಡಿ, “ಅವ್ವಾ, ನನ್ನ ಹಳೇ ರಜಾಯಿ ಬಿಸಲಿಗಿ ಹಾಕು,” ಅಂದಳು. ಲಕ್ಷ್ಮವ್ವ ಅವತ್ತೇ ಹಾಕಿದಳು.

ನಾಲ್ಕನೇ ದಿನ ಸೈಟಿನ ಕೆಲಸ ಮುಗಿಸಿ ನೋಡಲು ಹೋದೆ. ಬೀಗ ವಾಕಿಂಗಿಗೆ ಹೋಗಿದ್ದ, ಅಮಿತ ಬಂದಿರಲಿಲ್ಲ. ಟಾರ್ಚು ಹಿಡಿದು ಗಾಜಿನೊಳಗೆ ಒಂದೊಂದೇ ಮೂಲೆ ನೋಡುತ್ತ ಬಂದೆ. ಎಡಗಡೆಯ ಕೆಳಮೂಲೆಯಲ್ಲಿ ಎಪಾಕ್ಸಿಯ ಮೇಲೆ ಒಂದು ಗುಳ್ಳೆ ಎದ್ದಿತ್ತು. ಹಪ್ಪಳ ಸುಡುವಾಗ ಏಳುತ್ತದಲ್ಲ, ಹಾಗೆ. ಎರಡು ಬೆರಳಗಲ. ನೀರು ಪದರದ ಹಿಂದೆ ಹೋಗಿದೆ ಎಂದು ನನಗೆ ತಿಳಿಯಿತು. ತಿಳಿಯಲಿಲ್ಲ ಎಂದರೆ ಸುಳ್ಳು.

ಅಮಿತನಿಗೆ ಹೇಳಬಹುದಿತ್ತು. ನೀರು ಖಾಲಿ ಮಾಡಿ, ಕೆರೆದು, ಒಣಗಿಸಿ ಮತ್ತೆ ಬಳಿಯಬಹುದಿತ್ತು. ಆದರೆ ಅಲ್ಲಿಗೆ ಪಣ ಸೋತ ಹಾಗೆ. ಬೀಗನ ನಗು ಈಗಲೇ ನನ್ನ ಕಿವಿಯಲ್ಲಿತ್ತು. ಇನ್ನು ನಾಲ್ಕೇ ದಿನ. ನಾಲ್ಕು ದಿನ ತಡೆದರೆ ಮಗಳು ಮನೆಗೆ ಬರುತ್ತಾಳೆ, ಆಮೇಲೆ ಗುಳ್ಳೆ ಒಡೆದರೆ ಒಡೆಯಲಿ, ಬೀಗನ ಮನೆ ತೊಯ್ದರೆ ತೊಯ್ಯಲಿ. ಹೀಗೆಯೇ ಅಂದುಕೊಂಡೆ. ಅಂಗಿಯ ತೋಳು ಮಡಚುವಷ್ಟೂ ತಾಳ್ಮೆಯಿಲ್ಲದೆ ನೀರಿಗೆ ಕೈ ಇಳಿಬಿಟ್ಟು, ಟ್ಯಾಂಕಿನ ನಡುವೆ ಅಂದಕ್ಕೆಂದು ಅಮಿತ ಇಟ್ಟಿದ್ದ ದುಂಡನೆ ಕರಿ ಕಲ್ಲನ್ನು ಉರುಳಿಸಿ ಆ ಮೂಲೆಗೆ ಒತ್ತಿ ಕೂರಿಸಿದೆ. ಗುಳ್ಳೆ ಮುಚ್ಚಿತು. ಕೈ ತೆಗೆದು ತಿರುಗಿದರೆ ದಾನಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಅಂಗಿಯ ತೋಳಿನಿಂದ ನೀರು ಸುರಿಯುತ್ತಿತ್ತು. ಅವಳು ಟಾವೆಲ್ಲು ತಂದು ಕೊಟ್ಟಳು.

ಆರನೇ ದಿನ ಬೆಳಿಗ್ಗೆ ಆರಕ್ಕೆ ಅಮಿತನ ಫೋನ್ ಬಂತು. “ಮಾಮಾ, ಬರ್ರಿ,” ಅಂದ. ಮಗಳಿಗೇನಾದರೂ ಆಯಿತೇ ಎಂದು ಕೇಳದೆಯೇ ಚಪ್ಪಲಿ ಮೆಟ್ಟಿ ಓಡಿದೆ.

ಆದದ್ದು ಇಷ್ಟು. ಅವರ ಸೊಸೈಟಿಯಲ್ಲಿ ಬೆಳಿಗ್ಗೆ ಐದೂವರೆಗೆ ನೀರು ಬಿಡುತ್ತಾರೆ. ಆ ಹೊತ್ತಿಗೆ ಚನ್ನವ್ವನಿಗೆ ನೀರು ಬೀಳುವ ಸಪ್ಪಳ ಕೇಳಿಸಿದೆ. ರಾತ್ರಿ ಅಡುಗೆಮನೆಯ ನಲ್ಲಿ ತಿರುವಿಡಲು ಮರೆತೆನೇನೋ ಎಂದುಕೊಂಡು, ದೀಪವನ್ನೂ ಹಾಕದೆ ಅವಸರದಲ್ಲಿ ಎದ್ದು ಬಂದಿದ್ದಾಳೆ. ಸಪ್ಪಳ ನಲ್ಲಿಯದಲ್ಲ. ಟ್ಯಾಂಕಿನ ಎಡಮೂಲೆ ಹರಿದು ಹಾಲಿನ ತುಂಬ ನೀರು ನಿಂತಿತ್ತು. ಬರೀ ನೀರಾಗಿದ್ದರೆ ಅವಳು ಬೀಳುತ್ತಿರಲಿಲ್ಲವೇನೋ. ನೀರಿನ ಮೇಲೆ ನನ್ನ ಎಣ್ಣೆ ತೇಲಿ ಟೈಲ್ಸಿನ ಮೇಲೆಲ್ಲ ಹರಡಿತ್ತು. ಕಾಲು ಜಾರಿ ಬಲಗೈ ಊರಿ ಬಿದ್ದಳು. ಮಣಿಕಟ್ಟಿನ ಎರಡೂ ಎಲುಬು ಮುರಿದವು.

ನಾನು ಹೋಗುವಷ್ಟರಲ್ಲಿ ಅವಳನ್ನು ಆಸ್ಪತ್ರೆಗೆ ಒಯ್ದಿದ್ದರು. ಬೀಗ ಪ್ಯಾಂಟು ಮಡಚಿಕೊಂಡು ಹಳೆಯ ಗಾಜಿನ ಟ್ಯಾಂಕಿನ ಮುಂದೆ ನಿಂತಿದ್ದ. ಯಾರೋ ಮೀನನ್ನು ಎತ್ತಿ ಅದಕ್ಕೆ ಹಾಕಿದ್ದರು. ಅದು ಮತ್ತೆ ಗಾಜಿಗೆ ಮೂತಿ ಒತ್ತಿಕೊಂಡು ನಿಂತಿತ್ತು.

“ಮೀನ ಉಳೀತು,” ಅಂದ ಬೀಗ. ಹೆಂಡತಿಯ ಮಾತು ಮೊದಲು ಎತ್ತಲಿಲ್ಲ. ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಆದರೆ ಯಾವ ಮುಖದಿಂದ ಬಾರಿಸಲಿ?

“ನಿಮ್ಮ ಪೆಟಗಿ ಬಿಚಗೊಂಡು ಹೋಗ್ರಿ. ನನ್ನ ಕಣ್ಣ ಮುಂದ ಇರಬಾರದು,” ಅಂದ.

ಉಳಿ ಹಾಕಿ ಮೂಲೆ ಮೀಟಿದೆ. ಎಪಾಕ್ಸಿ ಚೂರುಚೂರಾಗಿ ಬರಲಿಲ್ಲ. ಬಾಳೆಹಣ್ಣಿನ ಸಿಪ್ಪೆಯಂತೆ ಉದ್ದಕ್ಕೆ, ಅಗಲಕ್ಕೆ, ಇಡೀ ಪದರ ಎದ್ದು ನನ್ನ ಕೈಗೆ ಬಂತು. ಕೆಳಗೆ ಪ್ಲೈ ಕರ್ರಗೆ, ಜಿಡ್ಡುಜಿಡ್ಡಾಗಿ ಮಿರುಗುತ್ತಿತ್ತು. ಆಗ ನನ್ನ ತಲೆಗೆ ಹೊಳೆಯಿತು. ನಾವು ಸೈಟಿನಲ್ಲಿ ಎಣ್ಣೆ ಬಳಿಯುವುದು ಏತಕ್ಕೆ? ಪ್ಲೈ ಕಾಂಕ್ರೀಟಿಗೆ ಅಂಟಬಾರದೆಂದು. ಬಿಚ್ಚುವ ದಿನ ತಾನಾಗಿ ಬಿಟ್ಟು ಬರಲಿ ಎಂದು. ಮೂವತ್ತನಾಲ್ಕು ವರ್ಷ ಅಂಟದಿರಲೆಂದು ಬಳಿದ ಕೈ, ಅಂಟಲೇಬೇಕಾದ ಒಂದೇ ಒಂದು ಪೆಟ್ಟಿಗೆಗೂ ಅದನ್ನೇ ಬಳಿದಿತ್ತು. ಹುಡುಗ ಹೇಳಿದ್ದ. ಬಿಡಿಸಿ ಹೇಳಿದ್ದ. ನಾನು ಸ್ಲ್ಯಾಬುಗಳ ಲೆಕ್ಕ ಕೇಳಿ ಅವನ ಬಾಯಿ ಮುಚ್ಚಿಸಿದ್ದೆ.

ಒಂದು ತಾಸಿನಲ್ಲಿ ಪೆಟ್ಟಿಗೆ ಬಿಚ್ಚಿ ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿದೆ. ಒಂದು ಸ್ಕ್ರೂ ಕೂಡ ಮುರಿಯಲಿಲ್ಲ.

“ಬಿಚ್ಚೂದು ಮಾತ್ರ ಛಲೋ ಬರ್ತದ ನಿಮಗ,” ಅಂದ ಬೀಗ.

ಅಷ್ಟರಲ್ಲಿ ಅಮಿತ ಆಸ್ಪತ್ರೆಯಿಂದ ಬಂದ. ನನ್ನ ಮೇಲೆ ಕೂಗಾಡುತ್ತಾನೆ ಅಂದುಕೊಂಡೆ. ಕೂಗಾಡಿದ್ದರೆ ನಾನೂ ನಾಲ್ಕು ಮಾತು ಒಗೆಯುತ್ತಿದ್ದೆ. ಅವನು ಬಗ್ಗಿ ಆ ಕರಿ ಕಲ್ಲನ್ನು ಎತ್ತಿಕೊಂಡ. “ಇದು ನಟ್ಟನಡುವ ಇತ್ತು. ಮೂಲೀಗೆ ಯಾರು ಇಟ್ರು? ಯಾರರ ಟ್ಯಾಂಕಿನ್ಯಾಗ ಕೈ ಹಾಕಿದ್ರೇನು?” ಎಂದು ಕೇಳಿದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ನನ್ನ ಅಂಗಿಯ ತೋಳಿಗೆ ಹೋಯಿತು. ಗೋಡೆಗೆ ಒರಗಿ ಕೂತಿದ್ದ ದಾನಿ ಅದನ್ನು ನೋಡಿದಳು. “ನೀರಿನ ರಭಸಕ್ಕ ಉರುಳಿರಬೇಕು,” ಅಂದೆ. ಅಷ್ಟು ದೊಡ್ಡ ಕಲ್ಲು ಉರುಳುತ್ತದೆಯೇ ಎಂದು ಅಮಿತ ಕೇಳಲಿಲ್ಲ. ಕೇಳುವ ಮನಸ್ಸು ಅವನಿಗಿರಲಿಲ್ಲ.

ಪಣ ಸೋತಿದ್ದೆ, ಮಾತು ಮುಗಿದಿತ್ತು. ಆದರೆ ಎರಡು ದಿನ ಬಿಟ್ಟು ಚನ್ನವ್ವನೇ ಲಕ್ಷ್ಮವ್ವನಿಗೆ ಫೋನ್ ಮಾಡಿದಳು. “ಬಂದು ಕರಕೊಂಡು ಹೋಗ್ರಿ ಅಕ್ಕಾರ. ಪ್ಲಾಸ್ಟರ್ ಒಂದೂವರಿ ತಿಂಗಳು ತೆಗ್ಯಾಂಗಿಲ್ಲಂತ. ಎಡಗೈಲೆ ನನಗ ಜಡಿ ಹಾಕ್ಕೊಳ್ಳಾಕ ಬರವಲ್ದು, ಕೂಸಿಗೆ ಹೆಂಗ ಎರೀಲಿ?” ಬೀಗ ಬೇಡ ಅಂದನಂತೆ, ಆಳು ಇಡೋಣ ಅಂದನಂತೆ. “ನನ್ನ ಸೊಸಿ ಬಾಣಂತನ ಆಳಿನ ಕೈಯಾಗ ಆಗೂದಿಲ್ಲ,” ಎಂದು ಅವಳು ಈ ಸಲ ಹಿಂದೆ ಸರಿಯದೆ ಗಂಡನಿಗೆ ಎದುರು ಹೇಳಿದಳಂತೆ. ಕರೆತರಲು ಹೋದಾಗ ನಾನು ಬಾಗಿಲ ಹೊರಗೇ ನಿಂತೆ. ಚನ್ನವ್ವ ಪ್ಲಾಸ್ಟರಿನ ಕೈ ಕೊರಳಿಗೆ ಕಟ್ಟಿಕೊಂಡು ಬಂದು, “ಒಳಗ ಬರ್ರಿ ಅಣ್ಣಾರ, ಚಾ ಕುಡದು ಹೋಗ್ರಿ,” ಅಂದಳು. ನಾನು ಹೋಗಲಿಲ್ಲ. ಬೈದಿದ್ದರೆ ಹೋಗುತ್ತಿದ್ದೆ.

ಟ್ಯಾಕ್ಸಿಯಲ್ಲಿ ದಾನಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಖೋಲಿಯ ಬಾಗಿಲಲ್ಲಿ ಲಕ್ಷ್ಮವ್ವ ರೊಟ್ಟಿ ತುಣುಕು ನಿವಾಳಿಸಿ, ಕಾಲಿಗೆ ನೀರು ಹಾಕಿ, ಅತ್ತು, ನಕ್ಕು, ಅಂತೂ ಮಗಳನ್ನು ಒಳಗೆ ಕರೆದುಕೊಂಡಳು. ನನಗೆ ಬೇಕಾಗಿದ್ದದ್ದು ನನ್ನ ಕಣ್ಣೆದುರಿಗೇ ಇತ್ತು. ಮಗಳು ತವರಿನ ಚಾಪೆಯ ಮೇಲೆ, ತೊಟ್ಟಿಲ ಕೊಕ್ಕೆಯ ಕೆಳಗೆ ಕೂತಿದ್ದಳು.

ಊಟವಾದ ಮೇಲೆ ಲಕ್ಷ್ಮವ್ವ ಬಾಣಂತಿಯ ಉಂಡೆಗೆ ಬೇಕಾದ ಸಾಮಾನುಗಳ ಹೆಸರು ಹೇಳತೊಡಗಿದಳು. ಅಳವಿ, ಅಂಟು, ಒಣ ಕೊಬ್ಬರಿ, ಶುಂಠಿ. “ನೋಡ್ರಿ, ಕೂಸಿಗಿ ಹಚ್ಚಾಕ ಗಾಣದ ಎಣ್ಣಿ ಬೇಕು. ನಾಳೆ ಬೈಕುಲ್ಲಾಕ್ಕ ಹೋಗಿ ಎರಡು ಬಾಟ್ಲಿ ತರ್ರಿ.”

“ಎಣ್ಣಿ ಅಪ್ಪನ ಕೈಲೆ ತರಸಬ್ಯಾಡ ಯವ್ವಾ,” ಅಂದಳು ದಾನಿ.

ನನ್ನ ಪಿತ್ತ ನೆತ್ತಿಗೇರಿತು. “ಏನಂದಿ? ಹೆತ್ತ ಅಪ್ಪಗ ಹಿಂಗ ಮಾತಾಡೂದು ಆ ಮನ್ಯಾಗ ಕಲತೇನು?”

“ಆ ಮನ್ಯಾಗ ಅತ್ತಿ ಕೈ ಮುರಕೊಂಡು ಕುಂತಾರ. ಕೂಸಿಗಿ ಮೊದಲನೇ ಎಣ್ಣಿ ಇಲ್ಲಿಗಿ ಬಂದು ತಾವ ಹಚ್ಚಬೇಕಂತ ಆಸಿ ಇಟಗೊಂಡಿದ್ರು.”

“ಕಾಲ ಜಾರಿ ಬಿದ್ರ ನಾ ಏನ ಮಾಡ್ಲಿ? ನಾ ಏನು ದೂಕಿದೆನ?”

“ನಾಕನೇ ದಿವಸ ನಿನ್ನ ತೋಳು ಹೆಗಲತನಕಾ ತೊಯ್ದಿತ್ತು,” ಅಂದಳು. ದನಿ ಎತ್ತರಿಸಲಿಲ್ಲ. “ಟಾವೆಲ್ ಕೊಟ್ಟಾಕಿ ನಾನ. ನೀ ಹೋದ ಮ್ಯಾಲ ಟಾರ್ಚ್ ಹಿಡದು ಕಲ್ಲಿನ ಸಂದ್ಯಾಗ ನೋಡಿದೆ. ಗುಳ್ಳಿ ಕಂಡಿತು.”

ಲಕ್ಷ್ಮವ್ವ ನನ್ನ ಮುಖ ನೋಡಿದಳು. “ಏನ್ರಿ ಇದು?” ಅಂದಳು. ಸೋತವನಿಗೆ ಬಾಯಿ ಜೋರು ಎಂಬಂತೆ ಮಗಳ ಮೇಲೆಯೇ ಹರಿಹಾಯ್ದೆ.

“ಕಂಡಿತ್ತಂದ್ರ ನಿನ್ನ ಗಂಡಗ ಯಾಕ ಹೇಳಲಿಲ್ಲ? ಹಾಂ? ಬಾಯಿ ಇರಲಿಲ್ಲೇನು?”

ದಾನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ಇನ್ನ ನಾಕ ದಿವಸ ತಡದಿದ್ರ ನಾ ಇಲ್ಲಿಗಿ ಬರತಿದ್ದೆ,” ಅಂದಳು. “ಅದಕ್ಕ ಸುಮ್ಮಕಾದೆ. ನಿನ್ನಂಗ.”

ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಮರುದಿನ ಬೆಳಿಗ್ಗೆ ಐದೂವರೆಗೆ ಚಾಳಿನ ನಲ್ಲಿಗೆ ನೀರು ಬಂತು. ಯಾರದೋ ಖಾಲಿ ಕೊಡಕ್ಕೆ ಧೋ ಎಂದು ಬಿದ್ದ ಸಪ್ಪಳಕ್ಕೆ ದಾನಿ ಬೆಚ್ಚಿ ಎದ್ದು ಕೂತಳು. ನಾನು ಮೊದಲೇ ಎದ್ದಿದ್ದೆ. ಒಬ್ಬರ ಮುಖ ಒಬ್ಬರು ನೋಡದೆ ಆ ಸಪ್ಪಳ ಕೇಳುತ್ತ ಕೂತೆವು. ಲಕ್ಷ್ಮವ್ವ ಕೊಡ ಎತ್ತಿಕೊಂಡು ನೀರು ತರಲು ಹೋದಳು.